ಹಳೇ ಜೀಪಿನ ಬೆಲೆ ಯಾವುದಕ್ಕೆ

ಅಳಿಯ: ಮಾವ, ಮೂಡಿಗೆರೆ ಕಡೆಯ ತೋಟವೊಂದರಲ್ಲಿ 1968ರ ಜೀಪು ಮಾರಾಟಕ್ಕಿದೆ. ಮಹೀಂದ್ರದ ಸಿಜೆ-3ಬಿ, ಪೆಟ್ರೋಲ್ ಗಾಡಿ. ಎಂಜಿನ್ ಬದಲಾಗಿಲ್ಲ, ಮೈಸೂರು ರಾಜ್ಯದ ಕಾಲದ ಎಂವೈ ನಂಬರೇ ಇನ್ನೂ ಇದೆ. ಆದರೆ ಬಣ್ಣ ಮಾಸಿದೆ, ಒಂದು ಮಡ್‌ಗಾರ್ಡಿಗೆ ತೇಪೆ ಬಿದ್ದಿದೆ, ಸೀಟಿನ ರೆಕ್ಸಿನ್ ಹರಿದಿದೆ. ಅದೇ ದುಡ್ಡಿಗೆ ಇನ್ನೊಂದು ಜೀಪು ಸಿಗುತ್ತಿದೆ. ಪೂರ್ತಿ ಹೊಸ ಬಾಡಿ, ಮಿಲಿಟರಿ ಹಸಿರು, ಅಗಲವಾದ ಟೈರು, ಹೊಳೆಯುವ ದೀಪಗಳು. ಚೆನ್ನಾಗಿ ಇಟ್ಟುಕೊಂಡ ಗಾಡಿ ಅಂತ ಎರಡನ್ನೂ ಮಾರುವವರು ಹೇಳುತ್ತಾರೆ. ಕಣ್ಣಿಗೆ ಕಾಣುವುದನ್ನು ನಂಬುವುದಾದರೆ ಎರಡನೆಯದಕ್ಕೇ ಆ ಮಾತು ಒಪ್ಪುತ್ತದೆ ಅಲ್ಲವೇ?

ಮಾವ: ನಾನು ಮೊದಲನೆಯದನ್ನೇ ನೋಡು ಅನ್ನುತ್ತೇನೆ. ಯಾಕೆ ಅನ್ನುವುದಕ್ಕೆ ಈ ಗಾಡಿ ಹುಟ್ಟಿದ ಬಗೆಯಿಂದ ಶುರುಮಾಡಬೇಕು. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸಣ್ಣ ಗಾಡಿ ಬೇಕೆಂದು ಕೇಳಿತು. ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ವಿಲ್ಲಿಸ್ ಮತ್ತು ಫೋರ್ಡ್. 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳು ಹೊರಬಂದವು. ಒಂದು ಕಾರ್ಖಾನೆಯ ಬಿಡಿಭಾಗ ಇನ್ನೊಂದು ಕಾರ್ಖಾನೆಯ ಗಾಡಿಗೆ ಕೂರಬೇಕು, ಕೆಸರಲ್ಲಿ ನಿಂತಾಗ ನಾಲ್ಕಾರು ಸ್ಪ್ಯಾನರಿನಲ್ಲಿ ಬಿಚ್ಚಿ ಸರಿಮಾಡಲು ಬರಬೇಕು ಎಂಬುದು ಅದರ ಮೂಲ ಶರತ್ತು. ಅದಕ್ಕೇ ಬಾಡಿ ಚಾಸಿಸ್ಸಿಗೆ ಬೋಲ್ಟಿನಲ್ಲಿ ಕೂತಿದೆ, ಮಡ್‌ಗಾರ್ಡು ಬಾಡಿಗೆ ಬೋಲ್ಟಿನಲ್ಲಿ ಕೂತಿದೆ, ಮುಂದಿನ ಗಾಜು ಮಡಚಿ ಬಾನೆಟ್ಟಿನ ಮೇಲೆ ಮಲಗುತ್ತದೆ. ಮೊದಲ ದಿನದಿಂದಲೂ ರಿಪೇರಿಯನ್ನು ನಿರೀಕ್ಷಿಸಿಯೇ ಕಟ್ಟಿದ ಯಂತ್ರ ಇದು. ಹಾಗಾಗಿ ಐವತ್ತು ಅರವತ್ತು ವರ್ಷ ಬಾಳಿದ ಜೀಪಿನಲ್ಲಿ ರಿಪೇರಿಯ ಗುರುತು ಕಾಣದಿದ್ದರೆ ಎರಡರಲ್ಲಿ ಒಂದು ಆಗಿರಬೇಕು: ಅದು ಓಡಿಯೇ ಇಲ್ಲ, ಇಲ್ಲವೇ ಗುರುತನ್ನು ಯಾರೋ ಮುಚ್ಚಿದ್ದಾರೆ. ನೀನು ದುಡ್ಡು ಕೊಡಬೇಕಾದದ್ದು ಹೊಳಪಿಗಲ್ಲ, ಓದಲು ಸಿಗುವ ಚರಿತ್ರೆಗೆ. ಯಾವ ಭಾಗ ಯಾವಾಗ ಹೋಯಿತು, ಅದರ ಜಾಗಕ್ಕೆ ಏನು ಬಂತು, ಯಾರು ಹಾಕಿದರು ಎಂಬುದನ್ನು ಗಾಡಿಯೇ ಹೇಳುವಂತಿದ್ದರೆ ಅದು ಚೆನ್ನಾಗಿ ಬಾಳಿದ ಗಾಡಿ.

ಅಳಿಯ: ಬಣ್ಣ ಹೊಡೆಸುವುದೂ ಒಂದು ಆರೈಕೆಯೇ ತಾನೆ? ನಮ್ಮ ಮಳೆಗೆ ಬಣ್ಣವಿಲ್ಲದ ತಗಡು ಎಷ್ಟು ದಿನ ನಿಲ್ಲುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಮೂಡಿಗೆರೆ, ಸಕಲೇಶಪುರದಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣ ಒಣಗುವುದೇ ಇಲ್ಲ. ಹೊಸ ಬಾಡಿ ಕಟ್ಟಿಸಿದವನು ಈ ತುಕ್ಕಿಗೆ ಉತ್ತರ ಕೊಟ್ಟಿದ್ದಾನೆ. ತೇಪೆ ಹಾಕಿದವನು ತುಕ್ಕನ್ನು ಮುಂದೂಡಿದ್ದಾನೆ, ಅಷ್ಟೇ.

ಮಾವ: ತುಕ್ಕು ಎಲ್ಲಿ ಹುಟ್ಟುತ್ತದೆ ನೋಡು, ಆಗ ಗೊತ್ತಾಗುತ್ತದೆ. ಮಡ್‌ಗಾರ್ಡಿನಲ್ಲಿ ತುಕ್ಕು ಬಂದರೆ ಅದು ಮೈಮೇಲಿನ ಗಾಯ. ಜೀಪನ್ನು ಕೊಲ್ಲುವ ತುಕ್ಕು ಫ್ಲೋರಿನ ತಳಕ್ಕೆ ಬೆಸೆದ ಚಾನಲ್ಲುಗಳ ಒಳಗೆ, ಬ್ಲೇಡ್ ಸೆಟ್ಟು ಚಾಸಿಸ್ಸಿಗೆ ಕೂರುವ ಜಾಗದಲ್ಲಿ, ಕೆಸರು ತುಂಬಿ ಒಣಗದೆ ಉಳಿಯುವ ಮೂಲೆಗಳಲ್ಲಿ ಹುಟ್ಟುತ್ತದೆ. ಅಲ್ಲಿಗೆ ಬಣ್ಣದ ಗನ್ ಹೋಗುವುದಿಲ್ಲ, ಕೈ ಹೋಗಬೇಕು. ಮಳೆಗಾಲ ಮುಗಿದ ಮೇಲೆ ಗಾಡಿಯ ಅಡಿಗೆ ಮಲಗಿ ಕೆಸರು ಕೆರೆದು, ತೊಳೆದು, ಎಣ್ಣೆ ಬಳಿದ ಚಾಸಿಸ್ ಒಂದು ಥರ ಕಾಣುತ್ತದೆ. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಹೊಡೆದದ್ದು ಇನ್ನೊಂದು ಥರ ಕಾಣುತ್ತದೆ. ಸಣ್ಣ ಆಯಸ್ಕಾಂತವೊಂದನ್ನು ಬಾಡಿಯ ಮೇಲೆ ಸರಿಸುತ್ತಾ ಹೋದರೆ ಸಾಕು, ಎಲ್ಲಿ ತಗಡಿದೆ ಎಲ್ಲಿ ಪುಟ್ಟಿ ಇದೆ ಎಂಬುದು ತಾನಾಗಿ ತಿಳಿಯುತ್ತದೆ. ಮೊದಲನೆಯ ಜೀಪಿನ ತೇಪೆ ಕಣ್ಣಿಗೆ ಕಾಣುತ್ತಿದೆ ಎಂಬುದೇ ಒಂದು ಸಾಕ್ಷಿ, ಅಲ್ಲಿ ಯಾರೂ ಏನನ್ನೂ ಅಡಗಿಸಿಲ್ಲ. ಇನ್ನು ಹೊಸ ಬಾಡಿಯ ವಿಚಾರ. ಪಂಜಾಬ್–ಹರಿಯಾಣದ ಗಡಿಯಲ್ಲಿ ಮಂಡಿ ಡಬ್ವಾಲಿ ಎಂಬ ಊರಿದೆ. ಸೈನ್ಯದ ಹರಾಜಿನಲ್ಲಿ ಹೋದ ಗಾಡಿಗಳ ಬಿಡಿಭಾಗಗಳನ್ನು ಜೋಡಿಸಿ, ಹೊಸ ತಗಡಿನಲ್ಲಿ ಹಳೇ ವಿಲ್ಲಿಸ್ ರೂಪದ ಬಾಡಿ ಹೊಡೆದು ಕೊಡುವ ಕೆಲಸಕ್ಕೆ ಆ ಊರು ದೇಶಕ್ಕೆಲ್ಲ ಹೆಸರಾಗಿದೆ. ಆ ಕುಶಲಕರ್ಮಿಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಹಾಗೆ ಹುಟ್ಟಿದ ಗಾಡಿಯನ್ನು 1968ರ ಜೀಪು ಎಂದು ಮಾರಿದರೆ ಅದು ಸುಳ್ಳು. ಆರ್‌ಸಿಯಲ್ಲಿರುವ ವರ್ಷ ಒಂದು, ಚಾಸಿಸ್ಸಿನ ಮೇಲೆ ಗುದ್ದಿದ ನಂಬರು ಇನ್ನೊಂದು, ಎಂಜಿನ್ನಿನದು ಮೂರನೆಯದು ಆಗಿರುವ ಗಾಡಿಗಳು ಮಾರುಕಟ್ಟೆಯಲ್ಲಿ ಇವೆ, ಮತ್ತು ಅವೆಲ್ಲ ಫಳಫಳ ಹೊಳೆಯುತ್ತವೆ.

ಅಳಿಯ: ಹಾಗಿದ್ದರೆ ನಿಮ್ಮ ಮೊದಲನೆಯ ಜೀಪಿನಲ್ಲಿ ಮಾತ್ರ 1968 ಎಲ್ಲಿ ಉಳಿದಿದೆ ಹೇಳಿ. ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ಬ್ರೇಕ್ ಲೈನರ್, ರೇಡಿಯೇಟರ್ ಎಲ್ಲ ಎಷ್ಟೋ ಸಲ ಬದಲಾಗಿವೆ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳಿದ ಪ್ರಶ್ನೆ ಇದೇ ಅಲ್ಲವೇ? ಚಕ್ರ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಕೇಳುತ್ತಾ ಹೋದರೆ ಕೊನೆಗೆ ರಥ ಎನ್ನುವುದೇ ಕೈಗೆ ಸಿಗುವುದಿಲ್ಲ. ಎಲ್ಲವೂ ಬದಲಾಗುವುದಾದರೆ ಒಂದೇ ಸಲಕ್ಕೆ ಬದಲಾಯಿಸಿದವನನ್ನು ಯಾಕೆ ದೂರಬೇಕು?

ಮಾವ: ನಾಗಸೇನ ಅಲ್ಲಿಗೇ ನಿಲ್ಲಿಸಲಿಲ್ಲ. ಬಿಡಿಬಿಡಿಯಾಗಿ ಯಾವುದೂ ರಥವಲ್ಲ, ಅವೆಲ್ಲ ಒಂದಕ್ಕೊಂದು ಹೊಂದಿ ನಿಂತಾಗ ರಥವೆಂಬ ಮಾತು ಹುಟ್ಟುತ್ತದೆ ಎನ್ನುವ ಕಡೆಗೆ ಅವನ ವಾದ ಸಾಗುತ್ತದೆ. ಜೀಪಿನಲ್ಲಿ ಆ ಹೊಂದಿಕೆಯನ್ನು ಕಣ್ಣಾರೆ ನೋಡಬಹುದು. ಸಿಜೆ-3ಬಿಯ ಬಾನೆಟ್ಟು ಅದಕ್ಕಿಂತ ಹಿಂದಿನ ಜೀಪುಗಳಿಗಿಂತ ಎತ್ತರ, ಮುಂದಿನ ಗಾಜು ಅದಕ್ಕೆ ತಕ್ಕಂತೆ ಗಿಡ್ಡ. ಕೆಲವರಿಗೆ ಆ ಮುಖ ಚೆಂದ ಕಾಣುವುದಿಲ್ಲ. ಆದರೆ ಆ ಎತ್ತರಕ್ಕೆ ಕಾರಣವಿದೆ. ಯುದ್ಧಕಾಲದ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ವಾಲ್ವು, ಹೊಗೆ ಹೊರಗೆ ಹೋಗುವ ವಾಲ್ವು ಎರಡೂ ಬ್ಲಾಕಿನಲ್ಲೇ ಇದ್ದವು, ಶಕ್ತಿ 60 ಅಶ್ವಶಕ್ತಿಯಷ್ಟಿತ್ತು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಒಳಬರುವ ವಾಲ್ವನ್ನು ಮೇಲೆ ಹೆಡ್ಡಿಗೆ ಏರಿಸಿದರು. ಅದೇ 2.2 ಲೀಟರಿನಲ್ಲಿ 70ರ ಮೇಲೆ ಅಶ್ವಶಕ್ತಿ ಸಿಕ್ಕಿತು, ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು 1953ರ ಸಿಜೆ-3ಬಿಯಲ್ಲಿ ಬಾನೆಟ್ಟನ್ನೂ ಎತ್ತರಿಸಿದರು. ಹೀಗೆ ಆ ಮುಖವೂ ಆ ಎಂಜಿನ್ನೂ ಒಂದೇ ನಿರ್ಧಾರದಿಂದ ಹುಟ್ಟಿದವು. ಹಾಗೆಯೇ ಮೂರು ಗೇರಿನ ಬಾಕ್ಸು, ಅದರ ಹಿಂದೆ ಕೂತ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸು, ಫೋರ್ ವೀಲ್ ಹಾಕದೆ ಲೋ ಗೇರಿಗೆ ಹೋಗಲು ಬಿಡದ ಆ ಎರಡು ಸಣ್ಣ ಲಿವರುಗಳು, ಸಪೂರ 6.00–16 ಟೈರು. ಸಪೂರ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲ ಟೈರು ಹಾಕಿದರೆ ಮುಂದಿನ ಹೌಸಿಂಗಿನ ಕಿಂಗ್ ಪಿನ್ ಬೇರಿಂಗು, ಸ್ಟೇರಿಂಗ್ ಬಾಕ್ಸು ಎರಡೂ ಬೇಗ ಸವೆಯುತ್ತವೆ. ಟೈರು, ಬೇರಿಂಗು ಬದಲಾದರೆ ಈ ಹೊಂದಿಕೆ ಕೆಡುವುದಿಲ್ಲ. ತೊಟ್ಟಿಮನೆಯಲ್ಲಿ ಹುಳು ಹಿಡಿದ ರೀಪು ತೆಗೆದು ಬೇರೆ ರೀಪು ಕೊಟ್ಟರೆ ಮನೆ ಅದೇ ಮನೆ, ತೊಟ್ಟಿಯನ್ನೇ ಮುಚ್ಚಿ ಹಾಲ್ ಮಾಡಿದರೆ ಅದು ಬೇರೆ ಮನೆ. ಒಂದೇ ಸಲಕ್ಕೆ ಎಲ್ಲ ಬದಲಾಯಿಸಿದವನು ಆ ಹೊಂದಿಕೆಯನ್ನು ಕಾಯ್ದಿದ್ದಾನೋ ಅಥವಾ ಅದನ್ನು ಕಿತ್ತುಹಾಕಿ ಬರೀ ವೇಷ ಉಳಿಸಿಕೊಂಡಿದ್ದಾನೋ ಎನ್ನುವುದು ನನ್ನ ಪ್ರಶ್ನೆ.

ಅಳಿಯ: ಇದು ನಮ್ಮ ಸೀಮೆಯ ಚರಿತ್ರೆಗೇ ಅನ್ಯಾಯವಾಗುವ ಅಳತೆ, ಮಾವ. ಪೆಟ್ರೋಲ್ ಜೀಪು ಕುಡಿಯುವ ಎಣ್ಣೆಯ ಖರ್ಚು ತಾಳಲಾರದೆ ಮಲೆನಾಡಿನ ಬೆಳೆಗಾರರು ಎಷ್ಟು ಜನ ಡೀಸೆಲ್ ಎಂಜಿನ್ ಕೂರಿಸಿಕೊಳ್ಳಲಿಲ್ಲ! ಕಾಫಿ ಮೂಟೆ ಹೊತ್ತದ್ದು, ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಬಸ್ಸಿಲ್ಲದ ಊರಿಗೆ ಮದುವೆ ದಿಬ್ಬಣ ಕರೆತಂದದ್ದು ಆ ಡೀಸೆಲ್ ಜೀಪುಗಳೇ. ಇವತ್ತಿಗೂ ಕೊಡಚಾದ್ರಿಗೆ, ಮಾಂದಲ್‌ಪಟ್ಟಿಗೆ ಜನರನ್ನು ಹತ್ತಿಸುವುದು ಜೀಪುಗಳೇ. ಕಂಪನಿಯೇ ಮುಂದೆ ಡೀಸೆಲ್ ಜೀಪು ಮಾಡಿತು, ಎಂಎಂ 540ಗೆ ಪೆಜೋ ಎಂಜಿನ್ ಕೂರಿಸಿತು. ಅವೆಲ್ಲ ಹೊಂದಿಕೆ ಕೆಟ್ಟ ಗಾಡಿಗಳು ಅನ್ನುತ್ತೀರಾ?

ಮಾವ: ಅನ್ನುವುದಿಲ್ಲ. ನಿನ್ನ ಮಾತು ಸರಿಯಾಗಿದೆ, ನನ್ನ ಅಳತೆಯನ್ನು ಅದಕ್ಕೆ ತಕ್ಕಂತೆ ಬಿಗಿಮಾಡಿ ಹೇಳುತ್ತೇನೆ. ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪವೊಂದೇ ಪವಿತ್ರ ಎಂಬ ನಂಬಿಕೆ ನನಗಿಲ್ಲ. ಜೀಪು ಈ ದೇಶಕ್ಕೆ ಬಂದದ್ದೇ ಬದಲಾಗುತ್ತಾ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಲ್ಲಿ ಶುರುವಾದ ಕಂಪನಿ ಅದು. ದೇಶ ಒಡೆದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಮುಂದೆ ಅಲ್ಲಿನ ಗವರ್ನರ್ ಜನರಲ್ ಆದರು, ಇಲ್ಲಿ 1948ರಲ್ಲಿ ಹೆಸರು ಬದಲಾಯಿತು. ಮೊದಲು ಬಿಡಿಭಾಗ ತರಿಸಿ ಜೋಡಿಸುತ್ತಿದ್ದರು, ಆಮೇಲೆ ಇಲ್ಲೇ ಎರಕ ಹೊಯ್ದು ಮಾಡಿದರು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಸಿಜೆ-3ಬಿಯ ವಂಶ ಇಲ್ಲಿ ಅದಾದ ಮೇಲೂ ದಶಕಗಳ ಕಾಲ ನಡೆಯಿತು. ಹೀಗಿರುವಾಗ, ಡೀಸೆಲ್ ಹಾಕಿಸಿಕೊಂಡ ಬೆಳೆಗಾರ ತನ್ನ ಅಗತ್ಯಕ್ಕೆ ಹಾಕಿಸಿಕೊಂಡ, ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿದ, ಅದೇ ಗಾಡಿಯಲ್ಲಿ ಮೂವತ್ತು ವರ್ಷ ದುಡಿದ. ಆ ಬದಲಾವಣೆಯೂ ಚರಿತ್ರೆಯ ಒಂದು ಪುಟ, ಅದನ್ನೂ ಓದಲು ಬರುತ್ತದೆ. ಹಳೆಯ ವಾಹನ ಕಾಯುವವರ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಟ್ಯೂರಿನ್ ಸನ್ನದು ಅಂತ ಒಂದನ್ನು ಒಪ್ಪಿಕೊಂಡಿತು. ಬಾಳುವೆಯಲ್ಲಿ ಸವೆದ ಭಾಗವನ್ನು ಹೊಸದಾಗಿಸುವುದಕ್ಕಿಂತ ಇದ್ದ ಹಾಗೆ ಉಳಿಸುವುದು ಮೇಲು. ಹೊಸ ಭಾಗ ಹಾಕಲೇಬೇಕಾದರೆ ಅದು ಹೊಸದೆಂದು ಗುರುತು ಸಿಗುವಂತಿರಲಿ ಎನ್ನುವುದು ಅದರ ಸಾರ. ನನ್ನ ಅಳತೆಯೂ ಅದೇ. ನಾನು ಒಪ್ಪದಿರುವುದು ಇವತ್ತು ಓಡುವ ಪೆಟ್ರೋಲ್ ಎಂಜಿನ್ನನ್ನು ಗುಜರಿಗೆ ಹಾಕಿ, ಯಾವುದೋ ಗಾಡಿಯ ಡೀಸೆಲ್ ಎಂಜಿನ್ ತುರುಕಿ, ಕಾಗದದಲ್ಲಿ ಹಳೆಯದನ್ನೇ ಬಿಟ್ಟಿರುವುದನ್ನು. ನೀನೇ ಹೇಳಿದೆಯಲ್ಲ, ಎಷ್ಟೋ ಜನ ಬದಲಾಯಿಸಿದರು ಅಂತ. ಆದ್ದರಿಂದಲೇ ಬದಲಾಗದೆ ಉಳಿದ ಒಂದು ಸಿಕ್ಕಿದಾಗ ಅದರ ಮೇಲೆ ಕೈ ಇಡುವ ಮೊದಲು ಯೋಚಿಸಬೇಕು. ಅಗತ್ಯಕ್ಕೆ ಬದಲಾಯಿಸಿದ ಕಾಲ ಮುಗಿದಿದೆ. ಈಗ ಬದಲಾಯಿಸಿದರೆ ಅದು ಬರೀ ಶೋಕಿ.

ಅಳಿಯ: ಕಾನೂನಿನ ಕಡೆಯಿಂದ?

ಮಾವ: ಅಲ್ಲಿಯೂ ತೂಕ ಮೊದಲನೆಯ ಜೀಪಿನ ಕಡೆಗೇ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ, ಅಂದರೆ ತಯಾರಕರು ಕೊಟ್ಟ ಮೂಲ ವಿವರಕ್ಕೆ, ವಿರುದ್ಧವಾಗುವಂತೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಇನ್ನು 2021ರಲ್ಲಿ ಕೇಂದ್ರದ ವಿಂಟೇಜ್ ವಾಹನ ನಿಯಮ ಬಂತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿಸ್ಸು, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿಗೆ ಆ ವರ್ಗದಲ್ಲಿ ನೋಂದಣಿ ಸಿಗುತ್ತದೆ. ಹೊಸದಾಗಿ ನೋಂದಣಿಯಾಗುವ ಗಾಡಿಗೆ ವಿಎ ಅಕ್ಷರವಿರುವ ನಂಬರು, ಮೊದಲೇ ನೋಂದಣಿಯಾದದ್ದಕ್ಕೆ ಹಳೇ ನಂಬರನ್ನೇ ಉಳಿಸಿಕೊಳ್ಳುವ ಅವಕಾಶ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಆಮೇಲೆ ನವೀಕರಣಕ್ಕೆ 5,000. ನೀನು ಇಷ್ಟಪಟ್ಟ ಆ ಹೊಸ ಬಾಡಿಯ ಜೀಪು ಈ ಬಾಗಿಲಲ್ಲೇ ನಿಲ್ಲುತ್ತದೆ.

ಅಳಿಯ: ಬಾಗಿಲು ದಾಟಿದ ಮೇಲೆ ನಿಮ್ಮದಕ್ಕೆ ಸಿಗುವುದಾದರೂ ಏನು? ವಿಂಟೇಜ್ ಎಂದು ಬರೆಸಿಕೊಂಡರೆ ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಅಧ್ಯಯನಕ್ಕೆ, ಪೆಟ್ರೋಲ್ ತುಂಬಿಸಲು, ರಿಪೇರಿಗೆ ಇಷ್ಟಕ್ಕೇ ರಸ್ತೆಗೆ ಇಳಿಯಬೇಕು. ದಿನದ ಓಡಾಟಕ್ಕಿಲ್ಲ, ಬಾಡಿಗೆಗೆ ಮೊದಲೇ ಇಲ್ಲ. ದುಡಿಯುವುದಕ್ಕೆ, ರಿಪೇರಿಯಾಗುತ್ತಾ ಬಾಳುವುದಕ್ಕೆ ಹುಟ್ಟಿದ ಗಾಡಿ ಅಂದಿರಿ. ದುಡಿಯದ ಜೀಪು ಗಾಜಿನ ಪೆಟ್ಟಿಗೆಯ ಗೊಂಬೆಯಾದಂತೆ ಆಗಲಿಲ್ಲವೇ?

ಮಾವ: ಈ ನಿಯಮದ ದೌರ್ಬಲ್ಯ ಅಲ್ಲೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ರೂಪ ಉಳಿಸಿ ಎನ್ನುತ್ತದೆ, ರೂಪಕ್ಕೆ ಅರ್ಥ ಕೊಟ್ಟ ಕೆಲಸವನ್ನು ಬಿಡಿಸುತ್ತದೆ. ಆದರೆ ಆ ವರ್ಗಕ್ಕೆ ಸೇರಲೇಬೇಕೆಂದು ನಿನ್ನನ್ನು ಯಾರೂ ಎಳೆಯುವುದಿಲ್ಲ. ಸಾಮಾನ್ಯ ನೋಂದಣಿಯಲ್ಲೇ ಉಳಿದು, ಐದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ಆರ್‌ಸಿ ನವೀಕರಿಸಿಕೊಂಡು ಓಡಿಸಬಹುದು. ತೋಟದೊಳಗಿನ ದಾರಿಯಲ್ಲಿ ಗೊಬ್ಬರದ ಚೀಲ ಹೊತ್ತು ಒಂದು ಏರು ಹತ್ತಿದರೂ ಅದು ಜೀಪಾಗಿಯೇ ಇರುತ್ತದೆ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ ಎಂಬುದು ಬರೀ ಭಾವನೆಯ ಮಾತಲ್ಲ. ಆಯಿಲ್ ಸೀಲು ಒಣಗಿ ಬಿರಿಯುತ್ತದೆ, ವೀಲ್ ಸಿಲಿಂಡರು ಕಚ್ಚಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಅದಕ್ಕೇ ಕೊಳ್ಳುವಾಗ ಶೆಡ್ಡಿನಲ್ಲಿ ಮುಚ್ಚಿಟ್ಟದ್ದಕ್ಕಿಂತ ವಾರಕ್ಕೊಮ್ಮೆಯಾದರೂ ಓಡಿದ್ದಕ್ಕೆ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ.

ಅಳಿಯ: ಓಡಿಸುವ ಮಾತು ಬಂತಲ್ಲ, ಅದೇ ನನಗೆ ಭಯ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಎಲ್ಲಕ್ಕೂ ಒಂದೇ ಪೈಪಿನ ದಾರಿ, ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಸೀಟ್ ಬೆಲ್ಟ್ ಇಲ್ಲ. ಹೊಗೆ ಶುದ್ಧಮಾಡುವ ಯಾವ ಸಾಧನವೂ ಇಲ್ಲ. ಹೆಂಡತಿ ಮಕ್ಕಳನ್ನು ಇದರಲ್ಲಿ ಕೂರಿಸಿಕೊಂಡು ಚಾರ್ಮಾಡಿ ಇಳಿಯಲು ಧೈರ್ಯ ಬರುತ್ತದೆಯೇ? ಇಷ್ಟೆಲ್ಲ ಗೊತ್ತಿದ್ದೂ ಮೂಲ ರೂಪ ಉಳಿಸಿ ಅನ್ನುವುದು ಮನುಷ್ಯರಿಗಿಂತ ಕಬ್ಬಿಣವನ್ನು ಹೆಚ್ಚು ಪ್ರೀತಿಸಿದಂತೆ.

ಮಾವ: ಇಳಿಯಬೇಡ. ಇದು ನಿನ್ನ ಎಲ್ಲ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು, ಅದಕ್ಕೆ ಅರ್ಧ ಉತ್ತರ ಮಾತ್ರ ಇದೆ. ಈ ಗಾಡಿ ಇವತ್ತಿನ ಹೆದ್ದಾರಿಗೆ ಹುಟ್ಟಿದ್ದಲ್ಲ. ಎಂಬತ್ತು ಇಂಚಿನ ವೀಲ್‌ಬೇಸು, ಗಟ್ಟಿ ಬ್ಲೇಡು, ಎತ್ತರದ ಮೈ, ತಿರುವಿನಲ್ಲಿ ವೇಗ ಹೆಚ್ಚಾದರೆ ಮಗುಚುತ್ತದೆ. ಹೊಸ ಕಾರು ಕೊಡುವ ರಕ್ಷಣೆಯನ್ನು ಇದರಿಂದ ಯಾವ ರಿಪೇರಿಯೂ ಹೊರಡಿಸಲಾರದು, ಹೊರಡಿಸಬಹುದು ಎನ್ನುವವನನ್ನು ನಂಬಬೇಡ. ದೊಡ್ಡ ಎಂಜಿನ್ ಹಾಕಿ ವೇಗ ಹೆಚ್ಚಿಸುವುದು ತಪ್ಪು ಎನ್ನುವುದಕ್ಕೆ ಇದೂ ಒಂದು ಕಾರಣ, ಆ ಬ್ರೇಕು ಆ ವೇಗಕ್ಕೆ ಲೆಕ್ಕ ಹಾಕಿದ್ದಲ್ಲ. ಹೊಗೆಯ ಮಾತೂ ನಿಜ, ಕಿಲೋಮೀಟರಿಗೆ ಇಷ್ಟೆಂದು ಲೆಕ್ಕ ಹಾಕಿದರೆ ಇದು ಹೊಸ ಗಾಡಿಗಿಂತ ಹೆಚ್ಚು ಹೊಲಸು ಬಿಡುತ್ತದೆ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಗಾಡಿ ಎಂಬುದಷ್ಟೇ ಅದಕ್ಕೆ ಸಮಾಧಾನ, ದಿನವೂ ಪೇಟೆಗೆ ಓಡಿಸುವವನಿಗೆ ಆ ಸಮಾಧಾನವೂ ಇಲ್ಲ. ಇನ್ನುಳಿದ ಅರ್ಧ ಹೀಗಿದೆ. ಬೇಕಾದಾಗ ತೆಗೆಯಲು ಬರುವ, ಮೂಲವನ್ನು ಕೆಡಿಸದ ಬದಲಾವಣೆಗೆ ನನ್ನ ಅಡ್ಡಿಯಿಲ್ಲ. ಚಾಸಿಸ್ಸಿಗೆ ಗಟ್ಟಿಯಾಗಿ ಬಿಗಿದ ಬೆಲ್ಟು, ಹಿಂದೆ ಎದ್ದು ಕಾಣುವ ಬ್ರೇಕ್ ದೀಪ ಹಾಕಿಸು. ರಬ್ಬರು ಬದಲಾಯಿಸುವುದಂತೂ ಈಗ ಕಡ್ಡಾಯ ಅಂದುಕೋ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಹಳೇ ಕಾಲದ ಪೈಪು, ಪಂಪಿನ ಡಯಾಫ್ರಮ್ಮು, ಕಾರ್ಬುರೇಟರಿನ ವಾಷರು ಅದಕ್ಕೆ ಮೆತ್ತಗಾಗಿ ಬಿರಿಯುತ್ತವೆ, ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮೂಲ ರಬ್ಬರೇ ಇರಲಿ ಎಂದು ಹಠ ಹಿಡಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರುತ್ತದೆ. ಎಥನಾಲಿಗೆ ತಡೆಯುವ ಪೈಪು ಹಾಕಿಸಿ, ಬಿಚ್ಚಿದ ಲೋಹದ ಭಾಗ ಏನಿದ್ದರೂ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡು.

ಅಳಿಯ: ಇದನ್ನೆಲ್ಲ ಮಾಡುವ ಕೈ ಎಲ್ಲಿದೆ? ಪಾಯಿಂಟು, ಕಾರ್ಬುರೇಟರು ಗೊತ್ತಿರುವ ಮೇಸ್ತ್ರಿಗಳು ಒಬ್ಬೊಬ್ಬರೇ ಕೆಲಸ ಬಿಡುತ್ತಿದ್ದಾರೆ. ಹೊಸ ಹುಡುಗರು ಲ್ಯಾಪ್‌ಟಾಪ್ ಹಚ್ಚದೆ ಬಾನೆಟ್ಟು ಎತ್ತುವುದಿಲ್ಲ.

ಮಾವ: ಬಿಡಿಭಾಗದ ಚಿಂತೆ ನಮಗೆ ಬೇರೆ ದೇಶದವರಿಗಿಂತ ಕಡಿಮೆ. ಈ ವಂಶ ಇಲ್ಲಿ ಅಷ್ಟು ದೀರ್ಘಕಾಲ ತಯಾರಾದದ್ದರಿಂದ ಎಷ್ಟೋ ಸಾಮಾನು ಇನ್ನೂ ಸಿಗುತ್ತದೆ, ಸಿಗದ ಬುಷ್ಷನ್ನು ಲೇತಿನವನು ಕಡೆದು ಕೊಡುತ್ತಾನೆ. ಮೇಸ್ತ್ರಿಯ ಚಿಂತೆ ಮಾತ್ರ ದೊಡ್ಡದು. ಆದ್ದರಿಂದಲೇ ನಾನು ಇಂಥ ಗಾಡಿ ಗ್ಯಾರೇಜಿಗೆ ಹೋಗುತ್ತಿರಲಿ ಅನ್ನುವುದು. ಹದಿನೆಂಟು ಇಪ್ಪತ್ತರ ಹುಡುಗನೊಬ್ಬ ವಾಲ್ವು ಎಲ್ಲಿದೆ, ಕಿಡಿ ಎಲ್ಲಿ ಹುಟ್ಟುತ್ತದೆ, ಬಲ ಯಾವ ಹಲ್ಲಿನಿಂದ ಯಾವ ಹಲ್ಲಿಗೆ ದಾಟುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಕೈಯಾರೆ ಬಿಚ್ಚಿ ಕಲಿಯಬಹುದಾದ ಯಂತ್ರ ಇದು. ನೀನು ಕೊಡುವ ರಿಪೇರಿಯ ದುಡ್ಡಿನಲ್ಲಿ ಆ ಕಲಿಕೆಯೂ ಸೇರಿರುತ್ತದೆ. ಆ ದುಡ್ಡು ವ್ಯರ್ಥ ಅಂತ ನನಗೆ ಯಾವತ್ತೂ ಅನ್ನಿಸುವುದಿಲ್ಲ.

ಅಳಿಯ: ಸರಿ, ಮೊದಲನೆಯದನ್ನೇ ನೋಡಲು ಹೋಗುತ್ತೇನೆ. ಬ್ರೋಕರು ಮೊದಲು ಬೆಲೆ ಮಾತಾಡಿಕೊಂಡು ಬನ್ನಿ ಅನ್ನುತ್ತಿದ್ದಾನೆ.

ಮಾವ: ಬೆಲೆಗೆ ಮೊದಲು ಗಾಡಿ ನೋಡು ಮಾರಾಯ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗು, ಬಿಸಿ ಮಾಡಿಟ್ಟ ಎಂಜಿನ್ನು ತನ್ನ ರೋಗ ಹೇಳುವುದಿಲ್ಲ. ಸ್ಟಾರ್ಟ್ ಮಾಡುವಾಗ ಹಿಂದೆ ನಿಂತು ಹೊಗೆ ನೋಡು, ನೀಲಿ ಇದ್ದರೆ ಆಯಿಲ್ ಕುಡಿಯುತ್ತಿದೆ ಅಂತ ತಿಳಿ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸು. ಸುತ್ತಲಿನ ಲೋಹ ಕೆರೆದಂತಿದ್ದರೆ, ಬೆಸುಗೆ ಕಂಡರೆ ಅಲ್ಲಿಂದಲೇ ಕೈಮುಗಿದು ಬಾ. ಮುಂದಿನ ಚಕ್ರದ ಒಳಗಡೆಯ ಗುಂಡು ಹೌಸಿಂಗು ಆಯಿಲಿನಲ್ಲಿ ನೆಂದಿದ್ದರೆ ಸೀಲು ಹೋಗಿದೆ, ಅದು ದೊಡ್ಡ ಖರ್ಚಲ್ಲ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಕಿಂಗ್ ಪಿನ್ ನೋಡಬೇಕು. ಒಂದು ಏರಿನಲ್ಲಿ ಲೋ ಗೇರಿಗೆ ಹಾಕಿ ಹತ್ತಿಸಿ, ಅದೇ ಗೇರಿನಲ್ಲಿ ಕಾಲು ತೆಗೆದು ಇಳಿಸು. ಗೇರು ತಾನಾಗಿ ಕಳಚಿಕೊಂಡರೆ ಬಾಕ್ಸಿಗೆ ಕೆಲಸವಿದೆ, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳು. ಗಾಡಿಯನ್ನು ನೋಡಿಕೊಂಡ ಮೇಸ್ತ್ರಿ ಯಾರು ಅಂತ ವಿಚಾರಿಸಿ ಅವನನ್ನೂ ಕಂಡು ಮಾತಾಡಿ ಬಾ. ಆ ತೋಟದ ಶೆಡ್ಡಿನಲ್ಲಿ ಹಳೇ ಡೈನಮೊ, ತೆಗೆದಿಟ್ಟ ಕಾರ್ಬುರೇಟರು, ಮಡಚಿಟ್ಟ ಹುಡ್ಡಿನ ಕಂಬಿ, ಗ್ಯಾರೇಜಿನ ಬಿಲ್ಲುಗಳು ಇದ್ದೇ ಇರುತ್ತವೆ. ತೋಟದವರಿಗೆ ಅವು ಈಗ ಜಾಗ ತಿನ್ನುವ ಸಾಮಾನು. ಗಾಡಿಯ ಜೊತೆಗೆ ಅವನ್ನೆಲ್ಲ ಕೊಡುವುದಾಗಿ ಒಪ್ಪಂದದ ಕಾಗದದಲ್ಲೇ ಬರೆಸಿಕೋ. ಕೊಡುತ್ತೇವೆ ಎಂದರೆ ಅವರು ಕೇಳಿದ ಬೆಲೆಯಲ್ಲಿ ಹೆಚ್ಚು ಚೌಕಾಸಿ ಮಾಡಬೇಡ.